ಕೋಟೆಯಿಂದ ಎಸೆದ ಕೂಸು: ಗ್ರೀಕ್ ಪುರಾಣಕಥನದಲ್ಲಿ ಯುದ್ಧ ಮತ್ತು ಶಿಶುವಧೆ

ಗ್ರೀಕ್ ಪುರಾಣಕಥನಗಳಲ್ಲಿ ಯುದ್ಧದ ನಿಮಿತ್ತವಾಗಿ ಪ್ರಾಣ ಕಳೆದುಕೊಳ್ಳುವ ಎಳೆಯರ ಸಂಖ್ಯೆ ಸಣ್ಣದಲ್ಲ. ಟ್ರಾಯ್‌ಗೆ ಹೊರಟ ಹಡಗುಗಳಿಗೆ ಅನುಕೂಲ ಗಾಳಿ ಬೀಸಲೆಂದು ತಂದೆಯೇ ಔಲಿಸ್‌ನಲ್ಲಿ ಬಲಿಗೊಪ್ಪಿಸುವ ಇಫಿಜೀನಿಯಾ, ಅಪೊಲೊ ದೇವನ ಸನ್ನಿಧಿಯಲ್ಲಿ ಅಖಿಲೀಸನಿಂದ ಹತನಾಗುವ ಟ್ರೊಯಿಲಸ್, ಥೀಬ್ಸ್ ಮೇಲೆ ದಂಡೆತ್ತಿ ಹೊರಟ ಏಳು ವೀರರಿಗೆ ದಾದಿ ನೀರಿನ ನೆಲೆ ತೋರಿಸಲು ಹೋದಾಗ ಹಾವಿಗೆ ಬಲಿಯಾಗುವ ನೆಮಿಯದ ಕೂಸು ಒಫೆಲ್ಟಿಸ್ ಇವರೆಲ್ಲ ಈ ಸಾಲಿಗೆ ಸೇರುತ್ತಾರೆ. ಇವರನ್ನು 'ಯುದ್ಧದ ಮುಗ್ಧ ಬಲಿಗಳು' ಎಂಬ ಒಂದೇ ಶೀರ್ಷಿಕೆಯಡಿ ಗುರುತಿಸುವುದು ರೂಢಿ. ಈ ಶೀರ್ಷಿಕೆ ಮಗುವಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕೊಂದವರ ತರ್ಕವನ್ನು ಹೇಳುವುದಿಲ್ಲ. ಹೆಕ್ಟರ್ ಮತ್ತು ಆಂಡ್ರೊಮಕಿಯರ ಮಗ ಅಸ್ತ್ಯನಾಕ್ಸನ ಕಥೆಯ ಪಾಠಾಂತರಗಳನ್ನು ಆಧರಿಸಿ ಆ ತರ್ಕವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಕಥೆಯ ಪಾಠಾಂತರಗಳಲ್ಲಿ ಸ್ಥಿರವಾಗಿ ನಿಲ್ಲುವುದು ಯಾವುದು, ಬದಲಾಗುವುದು ಯಾವುದು ಎಂಬುದು ಜಾನಪದ ಅಧ್ಯಯನದ ಮೊದಲ ಪ್ರಶ್ನೆ. ಹೋಮರನ 'ಇಲಿಯಡ್'ನಲ್ಲಿ ಅಸ್ತ್ಯನಾಕ್ಸ್ ಇನ್ನೂ ಜೀವಂತ. ಕೋಟೆಯಿಂದ ಅವನನ್ನು ಎಸೆದಾರೆಂಬ ಭಯವನ್ನು ಕೊನೆಯ ಸರ್ಗದಲ್ಲಿ ತಾಯಿ ತೋಡಿಕೊಳ್ಳುತ್ತಾಳೆ. ತುಣುಕುಗಳಲ್ಲಿ ಮಾತ್ರ ಉಳಿದಿರುವ 'ಕಿರು ಇಲಿಯಡ್' ಕಾವ್ಯದಲ್ಲಿ ಅಖಿಲೀಸನ ಮಗ ನಿಯೊಪ್ಟೊಲೆಮಸ್ ಕೂಸನ್ನು ದಾದಿಯ ಮಡಿಲಿನಿಂದ ಕಿತ್ತು, ಕಾಲು ಹಿಡಿದು ಬುರುಜಿನಿಂದ ಎಸೆಯುತ್ತಾನೆ. ಇದು ಗ್ರೀಕರ ಸಾಮೂಹಿಕ ತೀರ್ಮಾನವಲ್ಲ, ಅವನದೇ ಇಚ್ಛೆ ಎಂಬ ವಿವರವನ್ನು ಕ್ರಿ.ಶ. 2ನೆಯ ಶತಮಾನದ ಪೌಸೇನಿಯಸ್ ದಾಖಲಿಸಿದ್ದಾನೆ. 'ಟ್ರಾಯ್ ಪತನ' ಕಾವ್ಯದಲ್ಲಿ, ಪ್ರೋಕ್ಲಸನ ಸಾರಾಂಶದಂತೆ, ಕೊಲ್ಲುವವನು ಒಡಿಸ್ಯೂಸ್. ಕ್ರಿ.ಪೂ. 415ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಯೂರಿಪಿಡೀಸನ 'ಟ್ರಾಯ್‌ನ ಸ್ತ್ರೀಯರು' ನಾಟಕದಲ್ಲಿ ಒಡಿಸ್ಯೂಸ್ ವಾದ ಮಂಡಿಸಿ ಸಭೆಯನ್ನು ಒಪ್ಪಿಸುತ್ತಾನೆ. ನಿರ್ಣಯ ಇಡೀ ಸೈನ್ಯದ್ದಾಗುತ್ತದೆ. ಕ್ರಿ.ಶ. 1ನೆಯ ಶತಮಾನದ ರೋಮನ್ ಕವಿ ಸೆನೆಕನ ನಾಟಕದಲ್ಲಿ ಬಾಲಕ ತಾನಾಗಿಯೇ ಕೆಳಕ್ಕೆ ಧುಮುಕುತ್ತಾನೆ.

ಈ ನಾಲ್ಕೂ ಪಾಠಗಳಲ್ಲಿ ಮಗುವಿನ ಸಾವು ಸ್ಥಿರ. ಕೊಲ್ಲುವ ಕೈ ಮಾತ್ರ ಬದಲಾಗುತ್ತದೆ. ಒಬ್ಬನ ಕ್ರೌರ್ಯವಾಗಿದ್ದದ್ದು ಒಬ್ಬನ ಜಾಣತನವಾಗಿ, ಬಳಿಕ ಸಭೆಯ ನಿರ್ಣಯವಾಗಿ, ಕೊನೆಗೆ ಯಾರ ಕೈಯೂ ತಗುಲದ ಘಟನೆಯಾಗಿ ರೂಪಾಂತರ ಹೊಂದಿದೆ. ಮಗು ಬದುಕುಳಿದ ಪರಂಪರೆಯೂ ಇಲ್ಲದಿಲ್ಲ: ಹೆಕ್ಟರನ ಮಗ ಸ್ಕೆಪ್ಸಿಸ್ ಪಟ್ಟಣದ ಸ್ಥಾಪಕರಲ್ಲಿ ಒಬ್ಬನೆಂಬ ಹೇಳಿಕೆಯನ್ನು ಸ್ಟ್ರಾಬೊ ಉಲ್ಲೇಖಿಸುತ್ತಾನೆ. ಆದರೆ ಮಹಾಕವಿಗಳು ಮತ್ತೆ ಮತ್ತೆ ಮರಳಿದ್ದು ಸಾವಿನ ಪಾಠಕ್ಕೇ.

ಮಗುವನ್ನು ಕೊಲ್ಲಲು ಕೊಡುವ ಕಾರಣವೇನು? ಯೂರಿಪಿಡೀಸನ ಒಡಿಸ್ಯೂಸ್ ಮಂಡಿಸುವ ವಾದ ಸರಳ: ಮಹಾವೀರನ ಮಗನನ್ನು ಬೆಳೆಯಗೊಡಬಾರದು. ಈ ಭಯದ ಬೇರು 'ಇಲಿಯಡ್'ನ ಆರನೆಯ ಸರ್ಗದಲ್ಲಿದೆ. ತಂದೆಯ ಶಿರಸ್ತ್ರಾಣದ ತುರಾಯಿಗೆ ಬೆದರಿ ಮಗು ಅಳುತ್ತದೆ. ಹೆಕ್ಟರ್ ನಕ್ಕು ಶಿರಸ್ತ್ರಾಣ ಕಳಚಿಟ್ಟು, ಮಗನನ್ನು ಎತ್ತಿ ಮುದ್ದಿಸಿ, ಇವನು ತನ್ನನ್ನೂ ಮೀರಿದ ವೀರನಾಗಿ ಶತ್ರುವಿನ ರಕ್ತಸಿಕ್ತ ಆಯುಧಗಳನ್ನು ಹೊತ್ತು ಬರಲೆಂದು ದೇವತೆಗಳನ್ನು ಬೇಡುತ್ತಾನೆ. ತಂದೆಯ ಹರಕೆ ಮತ್ತು ಶತ್ರುವಿನ ಭೀತಿ ಎರಡರ ಒಳತಿರುಳು ಒಂದೇ. ಹೆಕ್ಟರ್ ಮಗನಿಗಿಟ್ಟ ಹೆಸರು ಸ್ಕಮಾಂಡ್ರಿಯಸ್. 'ನಗರದ ಒಡೆಯ' ಎಂಬರ್ಥದ ಅಸ್ತ್ಯನಾಕ್ಸ್ ಎಂಬ ಹೆಸರನ್ನು ಕೊಟ್ಟವರು ಟ್ರಾಯ್‌ನ ಜನ, ಅದೂ ತಂದೆಯೊಬ್ಬನೇ ನಗರವನ್ನು ಕಾಯುತ್ತಿದ್ದನೆಂಬ ಕಾರಣಕ್ಕೆ. ಹೀಗೆ ಮಾತು ಕಲಿಯುವ ಮೊದಲೇ ಕೂಸಿನ ಮೇಲೆ ವೀರಪದವಿ ಹೇರಲ್ಪಟ್ಟಿದೆ. ಅದರ ಮುಗ್ಧತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಯುದ್ಧದ ಲೆಕ್ಕಾಚಾರದಲ್ಲಿ ಅದಕ್ಕೆ ಬೆಲೆಯಿಲ್ಲ.

ಅದೇ ಸರ್ಗದಲ್ಲಿ ಅಗಮೆಮ್ನನ್ ತಾಯಿಯ ಗರ್ಭದಲ್ಲಿರುವ ಗಂಡುಕೂಸೂ ಉಳಿಯಕೂಡದೆನ್ನುತ್ತಾನೆ. ಉತ್ತರೆಯ ಗರ್ಭದತ್ತ ಅಸ್ತ್ರ ತಿರುಗಿಸಿದ ಅಶ್ವತ್ಥಾಮನ ನೆನಪು ಇಲ್ಲಿ ಸಹಜ. ಬಿ.ಎಂ.ಶ್ರೀ. ಅವರು ಸೊಫೊಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 'ಅಶ್ವತ್ಥಾಮನ್' (1929) ರಚಿಸಿದಾಗ ಗ್ರೀಕ್ ವೀರನ ಸ್ಥಾನಕ್ಕೆ ಉಪಪಾಂಡವರ ಹಂತಕನನ್ನು ತಂದರೆಂಬುದು ಎರಡು ಪರಂಪರೆಗಳ ಈ ಸಾಮೀಪ್ಯದ ದೃಷ್ಟಿಯಿಂದ ಗಮನಾರ್ಹ.

'ಟ್ರಾಯ್‌ನ ಸ್ತ್ರೀಯರು' ಪ್ರದರ್ಶನವಾಗುವುದಕ್ಕೆ ಕೆಲವೇ ತಿಂಗಳುಗಳ ಹಿಂದೆ ಅಥೆನ್ಸ್ ಮೆಲೋಸ್ ದ್ವೀಪವನ್ನು ಗೆದ್ದು, ವಯಸ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ದಾಸ್ಯಕ್ಕೆ ಮಾರಿತ್ತು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಕೂಲಿಸೈನಿಕರಾದ ಥ್ರೇಸಿಯನ್ನರು ಮೈಕಲೆಸಸ್ ಪಟ್ಟಣದ ಶಾಲೆಯೊಂದಕ್ಕೆ ನುಗ್ಗಿ, ಆಗತಾನೆ ಒಳಬಂದಿದ್ದ ಮಕ್ಕಳೆಲ್ಲರನ್ನೂ ಕೊಂದರೆಂದು ಥುಸಿಡಿಡೀಸ್ ಬರೆದಿದ್ದಾನೆ. ಯೂರಿಪಿಡೀಸ್ ಮೆಲೋಸನ್ನೇ ಉದ್ದೇಶಿಸಿ ಬರೆದನೆಂದು ಸಾಧಿಸುವ ಅಗತ್ಯವಿಲ್ಲ. ಸಭೆ ಸೇರಿ ಕೈಯೆತ್ತಿ ಯುದ್ಧ ನಿರ್ಣಯಿಸುತ್ತಿದ್ದ ಪ್ರೇಕ್ಷಕರ ಮುಂದೆ, ಸಭೆಯೇ ಕೂಸಿನ ವಧೆಯನ್ನು ನಿರ್ಣಯಿಸುವ ಪಾಠವನ್ನು ಅವನು ಇಟ್ಟನೆಂಬುದಷ್ಟೇ ಸಾಕು. ಹೆಕ್ಟರನ ಗುರಾಣಿಯ ಮೇಲೆ ಮೊಮ್ಮಗನ ಶವವನ್ನಿರಿಸಿ ಅಂತ್ಯಸಂಸ್ಕಾರಕ್ಕೆ ಸಿದ್ಧಗೊಳಿಸುವ ಹೆಕ್ಯುಬಾ, ಇಂಥ ಎಳೆಯನಿಗೆ ಗ್ರೀಕರು ಹೆದರಿದರೆಂಬುದೇ ಅವರ ಪಾಲಿನ ಅಪಕೀರ್ತಿ ಎನ್ನುತ್ತಾಳೆ.

ಇದೇ ಹೆಕ್ಯುಬಾ ಯೂರಿಪಿಡೀಸನ ಇನ್ನೊಂದು ನಾಟಕದಲ್ಲಿ, ಹೊನ್ನಿನಾಸೆಗೆ ತನ್ನ ಮಗ ಪೊಲಿಡೋರಸನನ್ನು ಕೊಂದ ಪೊಲಿಮೆಸ್ಟರನ ಇಬ್ಬರು ಗಂಡುಮಕ್ಕಳನ್ನು ಬಂದಿನಿಯರ ನೆರವಿನಿಂದ ಕೊಲ್ಲಿಸುತ್ತಾಳೆ. ಸಂತ್ರಸ್ತ ತಾಯಿಯನ್ನೂ ಯುದ್ಧದ ತರ್ಕ ಆವರಿಸಿದೆ. ಈ ಇಬ್ಬರು ಬಾಲಕರಿಗೆ ನಾಟಕದಲ್ಲಿ ಹೆಸರಿಲ್ಲ. ಅವರಿಗಾಗಿ ಅತ್ತವನು ಕಣ್ಣು ಕಳೆದುಕೊಂಡ ದ್ರೋಹಿ ತಂದೆ ಮಾತ್ರ. ಕರುಣರಸದ ನೆಲೆಯಲ್ಲಷ್ಟೇ ಓದುವ ವಿಮರ್ಶೆ ಅಸ್ತ್ಯನಾಕ್ಸನಿಗೆ ಮರುಗಿ ಇವರನ್ನು ಮರೆಯುತ್ತದೆ.

ಈ ಪರಂಪರೆಯ ಮಿತಿಯೂ ಇಲ್ಲಿಯೇ ತೋರುತ್ತದೆ. ಕಾವ್ಯ ಹೆಸರಿಸಿ ಶೋಕಿಸುವುದು ಬಹುಮಟ್ಟಿಗೆ ಅರಸುಮಕ್ಕಳನ್ನು. ಉಳಿದ ಮಕ್ಕಳ ದಾಖಲೆ ಕುಂಬಾರನ ಕೈಯಲ್ಲಿ ಉಳಿದಿದೆ. 1961ರಲ್ಲಿ ಮಿಕೊನೊಸ್ ದ್ವೀಪದಲ್ಲಿ ದೊರೆತ, ಸುಮಾರು ಕ್ರಿ.ಪೂ. 670ರ ದೊಡ್ಡ ಮಣ್ಣಿನ ಹರವಿಯ ಕೊರಳಲ್ಲಿ ಗಾಲಿಗಳ ಮೇಲೆ ನಿಂತ ಮರದ ಕುದುರೆಯಿದೆ. ಒಡಲಿನ ಚೌಕಗಳಲ್ಲಿ ಕತ್ತಿ ಹಿರಿದ ಯೋಧರು, ಕೈಚಾಚಿ ಬೇಡುವ ತಾಯಂದಿರು, ಹತರಾಗುತ್ತಿರುವ ಮಕ್ಕಳು ಇದ್ದಾರೆ. ಯಾರಿಗೂ ಹೆಸರು ಬರೆದಿಲ್ಲ. ಒಂದು ಚೌಕದಿಂದ ಇನ್ನೊಂದಕ್ಕೆ ದೃಷ್ಟಿ ಸರಿದಂತೆ ಅದೇ ದೃಶ್ಯ ಮರುಕಳಿಸುತ್ತದೆ. ಕಾವ್ಯ ಒಂದು ಕೂಸಿನಲ್ಲಿ ಕೇಂದ್ರೀಕರಿಸಿದ್ದನ್ನು ಹರವಿ ನಗರದ ಎಲ್ಲ ಮನೆಗಳಿಗೂ ಹರಡಿದೆ.

ಆದುದರಿಂದ ಗ್ರೀಕ್ ಪುರಾಣದ ಶಿಶುವಧೆಯನ್ನು ಮುಗ್ಧತೆಯ ಪರಿಭಾಷೆಯೊಂದರಲ್ಲಿಯೇ ವಿವರಿಸುವುದು ಅಸಮರ್ಪಕ. ಕೊಲ್ಲುವವರು ಏನು ಕಾರಣ ಕೊಟ್ಟರು, ಆ ಕಾರಣಕ್ಕೆ ಯಾರು ಸಮ್ಮತಿಸಿದರು, ಯಾವ ಮಕ್ಕಳ ಹೆಸರು ಉಳಿಯಿತು, ಯಾವ ಮಕ್ಕಳದು ಅಳಿಯಿತು ಎಂಬ ಪ್ರಶ್ನೆಗಳನ್ನು ಪಾಠಾಂತರಗಳ ತೌಲನಿಕ ಅಧ್ಯಯನ ಮುನ್ನೆಲೆಗೆ ತರುತ್ತದೆ. ಕವಿಗಳು ಕೊಲ್ಲುವ ಕೈಯನ್ನು ಪದೇ ಪದೇ ಬದಲಿಸಿರುವುದು, ಆ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬ ಪ್ರಶ್ನೆ ಆ ಸಮಾಜದಲ್ಲಿ ಬಗೆಹರಿಯದೆ ಉಳಿದಿತ್ತೆಂಬುದಕ್ಕೆ ಸಾಕ್ಷಿ.