ಅಲೆಯ ಅಳತೆಗೋಲು

ತೆಲಂಗಾಣದ ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಎರೆಹೊಲದ ರೈತರಿಗೆ ನೆಲ ಏರಿಳಿಯುವುದು ಹೊಸದಲ್ಲ. ಮಳೆಗೆ ಉಬ್ಬಿದ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆದರೆ ಕಣ್ಣಿಗೇ ಕಾಣದಂತೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ತಗ್ಗುವ ಕರಾವಳಿಯ ನೆಲವನ್ನು ಅಳೆಯುವುದು ಹೇಗೆ? ರೇಡಾರ್ ಉಪಗ್ರಹ ಇದಕ್ಕೆ ಕಂಡುಕೊಂಡಿರುವ ಉಪಾಯ ನಮ್ಮ ಕಾಲದ ಅಪರೂಪದ ಕುಶಲತೆ.

ಉಪಗ್ರಹ ಕಳಿಸಿದ ರೇಡಿಯೋ ಅಲೆ ನೆಲಕ್ಕೆ ತಾಗಿ ಮರಳುತ್ತದೆ. ಮರಳಿದಾಗ ಅದು ತನ್ನ ಏರಿಳಿತದ ಯಾವ ಹಂತದಲ್ಲಿತ್ತು ಎಂಬುದು ದಾಖಲಾಗುತ್ತದೆ. ಕೆಲ ದಿನಗಳ ಬಳಿಕ ಅದೇ ಕಕ್ಷೆಯಿಂದ ಮತ್ತೆ ಅಳತೆ. ನಡುವೆ ನೆಲ ತಗ್ಗಿದ್ದರೆ ಹಂತ ಬದಲಾಗಿರುತ್ತದೆ. ಕುಸಿತದ ಲೆಕ್ಕ ಸಿಗುವುದು ಆ ವ್ಯತ್ಯಾಸದಿಂದ. ಮೋಡವಾಗಲಿ ಕತ್ತಲಾಗಲಿ ಅಡ್ಡಿಯಲ್ಲ. ಅಂತರ್ಜಲ ಬರಿದಾಗಿ ಕುಸಿಯುತ್ತಿರುವ ಜಕಾರ್ತದ ನಕ್ಷೆಯನ್ನು ವಿಜ್ಞಾನಿಗಳು ಬಿಡಿಸಿದ್ದೂ ಹೀಗೆಯೇ.

ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ, ಬೆಂಗಳೂರಿನಲ್ಲಿ ಜೋಡಣೆಯಾದ ಇಂಥದೇ ರೇಡಾರ್ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ಅಗಲದ ಆಂಟೆನಾ ಹೊತ್ತು, 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತದೆ. ಅದರ 24 ಸೆಂಟಿಮೀಟರ್ ಅಲೆ ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು. ಅದರ ಮಾಹಿತಿ ಇಳಿಯುವ ಕೇಂದ್ರಗಳಲ್ಲೊಂದು ತೆಲಂಗಾಣದ್ದೇ ಆದ ಶಾದ್‌ನಗರ. ಈ ಮಾಹಿತಿ ಎಲ್ಲರಿಗೂ ಉಚಿತ. ಕಡಲಂಚಿನ ಪ್ರತಿ ಊರೂ ಬೋರ್‌ವೆಲ್ ಕೊರೆಯುವ, ಕಟ್ಟಡ ಎಬ್ಬಿಸುವ ಮುನ್ನ ಇದನ್ನು ನೋಡಲೇಬೇಕು.