ಬಿಟ್ಟದ್ದು, ಒಗ್ಗಿದ್ದು

ಡಾಕ್ಟರ ಮುಂದೆ ಕೂತು ‘ಐ ಯೂಸ್ಡ್ ಟು ಸ್ಮೋಕ್’ ಎಂದರೆ ಸಿಗರೇಟು ಬಿಟ್ಟಾಯಿತು ಎಂದರ್ಥ. ‘ಐ ಆ್ಯಮ್ ಯೂಸ್ಡ್ ಟು ಸ್ಮೋಕಿಂಗ್’ ಎಂದರೆ ಸೇದುವುದು ಮೈಗೆ ಒಗ್ಗಿಹೋಗಿದೆ. ಇವೆರಡನ್ನೂ ಕಲಸಿ ‘ಐ ಆ್ಯಮ್ ಯೂಸ್ಡ್ ಟು ಸ್ಮೋಕ್’ ಎಂದುಬಿಟ್ಟರೆ ಡಾಕ್ಟರು ಏನೆಂದು ಬರೆದುಕೊಳ್ಳಬೇಕು? ನಮ್ಮಲ್ಲಿ ಹೆಚ್ಚು ಕಿವಿಗೆ ಬೀಳುವುದು ಈ ಕಲಬೆರಕೆಯೇ.

ತೊಡಕಿರುವುದು ‘ಟು’ನಲ್ಲಿ. ಅದರ ಮುಂದೆ ಒಂದು ನಾಮಪದ ಇಟ್ಟು ನೋಡಿ. ‘ಐ ಆ್ಯಮ್ ಯೂಸ್ಡ್ ಟು ದ ನಾಯ್ಸ್’ ಗಟ್ಟಿಯಾಗಿ ನಿಲ್ಲುತ್ತದೆ. ‘ಆ್ಯಮ್’ ಕಿತ್ತರೆ ವಾಕ್ಯವೇ ಕುಸಿಯುತ್ತದೆ. ನಾಮಪದ ನಿಲ್ಲುವ ಕಡೆ ‘ಇಂಗ್’ ಹಚ್ಚಿದ ಕ್ರಿಯಾಪದವೂ ನಿಲ್ಲುತ್ತದೆ. ಒಗ್ಗಿಸಿಕೊಳ್ಳುವ ‘ಗೆಟ್ ಯೂಸ್ಡ್ ಟು’ಗೂ ಇದೇ ಲೆಕ್ಕ. ರೇಮಂಡ್ ಮರ್ಫಿಯ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ (1985) ಬಿಟ್ಟದ್ದರ ‘ಯೂಸ್ಡ್ ಟು’, ಒಗ್ಗಿದ್ದರ ‘ಯೂಸ್ಡ್ ಟು’ ಎರಡನ್ನೂ ಬಹುದೂರದ ಬೇರೆ ಬೇರೆ ಪಾಠಗಳಲ್ಲಿ ಇಟ್ಟಿದೆ. ಅದೇ ಸರಿಯಾದ ದಾರಿ ಎಂದು ನನ್ನ ಎಣಿಕೆ. ಅಕ್ಕಪಕ್ಕ ಕೂರಿಸಿ ಕಲಿಸಿದಷ್ಟೂ ಗೊಂದಲ ಹೆಚ್ಚು.

ಇನ್ನು ಸವಿಯಬೇಕಾದದ್ದು, ಹಿಂದಿನ ರೂಢಿಯನ್ನೇ ಹೇಳುವ ‘ವುಡ್’. ಅಜ್ಜ ಧಾರವಾಡದಲ್ಲಿರುತ್ತಿದ್ದ, ನಸುಕಿನಲ್ಲೇ ಏಳುತ್ತಿದ್ದ, ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದ. ಕನ್ನಡದ ‘ತ್ತಿದ್ದ’ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಅದೇ ಜಾಡಿನಲ್ಲಿ ‘ಹಿ ವಾಸ್ ರೀಡಿಂಗ್ ದ ಪೇಪರ್’ ಎಂದರೆ ಇಂಗ್ಲಿಷಿನವನು ಆಮೇಲೇನಾಯಿತು ಎಂದು ಕಾಯುತ್ತಾನೆ. ಅಷ್ಟರಲ್ಲಿ ಯಾರೋ ಬಂದಿರಬೇಕು, ಇಲ್ಲವೇ ಬಾಗಿಲು ಬಡಿದಿರಬೇಕು! ಅಲ್ಲಿ ನುರಿತ ಕಥೆಗಾರ ‘ಹಿ ಯೂಸ್ಡ್ ಟು ಲಿವ್ ಇನ್ ಧಾರವಾಡ’ ಎಂದು ಶುರುಮಾಡಿ, ಏಳುವುದಕ್ಕೂ ಓದುವುದಕ್ಕೂ ‘ವುಡ್’ ಹಾಕಿಕೊಂಡು ಸಾಗುತ್ತಾನೆ. ಪದೇಪದೇ ಮಾಡಿದ ಕೆಲಸಕ್ಕೆ ‘ವುಡ್’ ಒಪ್ಪುತ್ತದೆ, ಸುಮ್ಮನೆ ಇದ್ದ ಸ್ಥಿತಿಗೆ ಒಪ್ಪುವುದಿಲ್ಲ. ಆದ್ದರಿಂದ ಅಜ್ಜನ ಧಾರವಾಡದ ವಾಸಕ್ಕೆ ಅದು ಬಾರದು. ಐದು ವರ್ಷ ಇದ್ದ ಎಂದು ಲೆಕ್ಕ ಕೊಟ್ಟರಂತೂ ಎರಡನ್ನೂ ಬಿಟ್ಟು ಬರೀ ‘ಲಿವ್ಡ್’ ಎನ್ನಬೇಕು.

‘ಯೂಸ್ಡ್ ಟು’ನ ಉಚ್ಚಾರಣೆಯ ಮಾತೂ ಒಂದಿದೆ. ಚಾಕು ಬಳಸಿದೆ ಎನ್ನುವಾಗಿನ ‘ಯೂಝ್ಡ್’ನ ಝೇಂಕಾರ ಇಲ್ಲಿಲ್ಲ. ‘ಡ’ ಮತ್ತು ‘ಟ’ ಒಂದಾಗಿ ‘ಯೂಸ್ಟು’ ಎಂದೇ ಕೇಳಿಸುತ್ತದೆ. ಬರೆಯುವಾಗ ಎಷ್ಟೋ ಜನ ‘ಡಿ’ ಅಕ್ಷರ ನುಂಗುವುದು ಇದರಿಂದಲೇ.

ಆಫೀಸುಗಳಲ್ಲಿ ‘ಐ ಯೂಸ್ ಟು ಕಮ್ ಬೈ ಬಸ್’ ಎಂದು ಈಗಿನ ರೂಢಿಗೂ ಇದನ್ನೇ ಹಚ್ಚುತ್ತಾರೆ. ಹದಿನೇಳನೇ ಶತಮಾನದ ಇಂಗ್ಲಿಷಿನಲ್ಲಿ ಇಂಥ ವರ್ತಮಾನ ರೂಪ ನಿಜಕ್ಕೂ ಇತ್ತು, ಆಮೇಲೆ ಸತ್ತುಹೋಯಿತು. ಹಾಗಾಗಿ ನಮ್ಮ ಗುಮಾಸ್ತರದು ತಪ್ಪೆನ್ನುವುದಕ್ಕಿಂತ ತುಸು ತಡವಾಯಿತು ಎನ್ನಬಹುದು. ಈಗ ‘ಐ ಕಮ್ ಬೈ ಬಸ್’ ಎಂದರೆ ಧಾರಾಳ ಸಾಕು.