ಮತ್ಸ್ಯಗಂಧಿಯ ಮೈಬಣ್ಣ

ತೈಲಚಿತ್ರ ಕಲಿಯೋಕೆ ಹೋದಾಗ ನಮಗೆ ಸಿಕ್ಕ ಮೊದಲ ಪಾಠ ನಕಲು. ರವಿವರ್ಮನ ಪುರಾಣಚಿತ್ರದ ಒಂದು ಅಚ್ಚುಪ್ರತಿ ಮುಂದಿಟ್ಟು 'ಇದನ್ನ ಇಳಿಸ್ರಪ್ಪ' ಅಂದರು ಮೇಷ್ಟ್ರು. ಹಾಸ್ಟೆಲ್ಲಿನ ನಾವು ನಾಲ್ಕು ಜನ ದುಡ್ಡು ಕೂಡಿಸಿ ಬಣ್ಣದ ಟ್ಯೂಬು ತಂದೆವು. ಚೌಕ ಹಾಕಿ, ಇದ್ದಿಲಲ್ಲಿ ಗೆರೆ ಎಳೆದೆವು. ಕೆಳಪದರಕ್ಕೆ ಟರ್ಪೆಂಟೈನು ಹೆಚ್ಚು, ಮೇಲುಪದರಕ್ಕೆ ಅಗಸೆ ಎಣ್ಣೆ ಹೆಚ್ಚು. ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತೆ. ಇದನ್ನು ಕ್ಯಾನ್ವಾಸು ಕೆಡಿಸಿಕೊಂಡೇ ಕಲಿತೆವು.

ಪುರಾಣದ ನಕಲು ಪುರೋಹಿತಶಾಹಿಯ ಚಾಕರಿ ಅನ್ನೋ ಗೆಳೆಯರಿದ್ದಾರೆ. ನಾವು ಪೂರ್ತಿ ಒಪ್ಪೋದಿಲ್ಲ. ರವಿವರ್ಮನಿಗೇ ತಿರುವಾಂಕೂರಿನ ಆಸ್ಥಾನ ಚಿತ್ರಕಾರ ಎಣ್ಣೆಬಣ್ಣದ ಗುಟ್ಟು ಬಿಟ್ಟುಕೊಡಲಿಲ್ಲ. 1868ರಲ್ಲಿ ಅಲ್ಲಿಗೆ ಬಂದ ಥಿಯೊಡೋರ್ ಜೆನ್ಸನ್ ಬರೆಯೋದನ್ನು ನಿಂತು ನೋಡಿ ಆತ ಕಲಿತ. ಅರಮನೆಯ ನಂಟಿದ್ದವನಿಗೇ ಈ ಗತಿಯಾದರೆ ಕೇರಿಯ ಹುಡುಗನಿಗೆ ಯಾರು ಗುಟ್ಟು ಹೇಳ್ತಾರೆ? ಕಂಡಲ್ಲಿ ಕಲಿಯೋದು ನಮ್ಮ ಹಕ್ಕು. 1894ರಲ್ಲಿ ಆತ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆ, ಗುಡಿಯೊಳಗೆ ನಮ್ಮನ್ನು ಬಿಟ್ಟುಕೊಳ್ಳದ ದೇವರುಗಳು ಕಾಗದದ ಮೇಲೆ ಬಡವರ ಗೋಡೆಗೂ ಬಂದವು. ಇದೂ ನಿಜ.

ಆದರೆ ಕೈ ನಕಲು ಮಾಡುವಾಗ ಕಣ್ಣೂ ನಕಲಾಗಿಬಿಡುತ್ತೆ. ನಮ್ಮ ಆಕ್ಷೇಪ ಇಲ್ಲಿದೆ.

ನಾವು ಇಳಿಸಿದ್ದು 'ಶಂತನು ಮತ್ತು ಮತ್ಸ್ಯಗಂಧಿ'. ಬರೋಡದ ದೊರೆ ಸಯಾಜಿರಾವ್ ಗಾಯಕವಾಡರಿಗಾಗಿ ಬರೆದ 14 ಪುರಾಣಚಿತ್ರಗಳಲ್ಲಿ ಒಂದು, 1890ರದು. ಆಕೆ ಬೆಸ್ತರ ಮನೆಯಲ್ಲಿ ಬೆಳೆದವಳು, ಯಮುನೆಯಲ್ಲಿ ದೋಣಿ ನಡೆಸುತ್ತಿದ್ದವಳು. ಮಹಾಭಾರತವೇ ಆಕೆಗೆ ಕಾಳಿ ಅನ್ನೋ ಇನ್ನೊಂದು ಹೆಸರು ಕೊಟ್ಟಿದೆ. ಚಿತ್ರದಲ್ಲಿ ಆ ಕಪ್ಪೆಲ್ಲಿ? ಹುಟ್ಟು ಹಾಕಿ ಕಾಯಿಗಟ್ಟಿದ ಅಂಗೈ ಎಲ್ಲಿ? ವ್ಯಾಸರು ಮುಚ್ಚಿಡದ ಬಣ್ಣವನ್ನು ಕುಂಚ ಮುಚ್ಚಿಟ್ಟಿತು. ಬೆಸ್ತರ ಹುಡುಗಿ ಅರಮನೆಯ ಗೋಡೆ ಏರಬೇಕಾದರೆ ಮೊದಲು ಬೆಳ್ಳಗಾಗಬೇಕು! ಅದೇ ದೊರೆಯ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದರು. ಓದಿ ಬಂದು 1917ರಲ್ಲಿ ಬರೋಡದ ನೌಕರಿಗೆ ಸೇರಿದಾಗ, ತಂಗಿದ್ದ ಪಾರ್ಸಿ ವಸತಿಗೃಹದಿಂದ ಅವರನ್ನು ದೊಣ್ಣೆ ಹಿಡಿದು ಹೊರಹಾಕಿದರು. ಕೆಳಗಿನವರು ಚಿತ್ರವಾಗಿ ಒಳಗಿರಬಹುದು, ಮನುಷ್ಯರಾಗಿ ಅಲ್ಲ.

ಮೈಬಣ್ಣಕ್ಕೆ ನಮಗೆ ಕಲಿಸಿದ್ದು ಒಂದೇ ಲೆಕ್ಕ: ಬಿಳಿ, ಹಳದಿ ಕಾವಿ, ಒಂದು ಚೂರು ಕೆಂಪು. ನಮ್ಮಲ್ಲೊಬ್ಬ ಮತ್ಸ್ಯಗಂಧಿಯ ಮುಖ ಕಪ್ಪು ಮಾಡಿದ. 'ಏನಯ್ಯ, ನಿಮ್ಮವ್ವನ ಮುಖ ಬರ್ದಿದೀಯಲ್ಲ' ಅಂತ ಮೇಷ್ಟ್ರು ನಕ್ಕರು. ತರಗತಿಯೂ ನಕ್ಕಿತು. ಅವನು ತಲೆ ತಗ್ಗಿಸಿ ಬಿಳಿ ಬಳಿದ. ನಾವೂ ಸುಮ್ಮನಿದ್ದೆವು. ಆ ಮೌನಕ್ಕೆ ಇವತ್ತಿಗೂ ನಾಚುತ್ತೇವೆ.

ನಿಜ ಹೇಳಬೇಕಂದರೆ ಆ ಮುಖ ಸತ್ತ ಬೂದಿಯಂತಿತ್ತು. ಅವನು ಕಪ್ಪು ಟ್ಯೂಬನ್ನೇ ಬೆರೆಸಿದ್ದ. ನಮ್ಮವರ ಮೈ ಬರೆಯೋದು ಹಾಗಲ್ಲ ಅಂತ ಆಮೇಲೆ ಗದ್ದೆಯಲ್ಲಿ ನಾಟಿ ಹಾಕೋ ಹೆಂಗಸರನ್ನು ನೋಡಿ ಕಲಿತೆವು. ಸುಟ್ಟ ಮಣ್ಣಿನ ಕಂದು, ಅದರೊಳಗೆ ಕೆಂಪು, ನೆರಳಲ್ಲಿ ಕಡುನೀಲಿ. ಬೆವೆತ ಹೆಗಲ ಮೇಲೆ ಬೀಳೋ ಬೆಳಕು ಬಿಳಿಯಲ್ಲ, ಆಕಾಶದ ನೀಲಿ. ಕಪ್ಪು ಅಂದರೆ ಬೆಳಕು ಇಲ್ಲದ್ದಲ್ಲ. ಅದನ್ನು ಬರೆಯೋಕೆ ಹೆಚ್ಚು ಬಣ್ಣ ಬೇಕು, ಹೆಚ್ಚು ನೋಟ ಬೇಕು.

ಆದ್ದರಿಂದ ಗೆಳೆಯರೆ, ನಕಲು ಮಾಡಿ. ಎಣ್ಣೆಯ ಹದ, ನೆರಳಿನ ಲೆಕ್ಕ, ಸೀರೆಯ ಮಡಿಕೆ ಎಲ್ಲ ಕಲಿತುಕೊಳ್ಳಿ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮಕ್ಕಳ ಕೈಗೆ ಬಣ್ಣ ಕೊಟ್ಟಾಗ ಅವರ ಅವ್ವಂದಿರ ಮುಖ ನೋಡೋಕೆ ಹೇಳಿ. ಆ ಕ್ಯಾನ್ವಾಸು ಇನ್ನೂ ನಮ್ಮ ಬಳಿ ಇದೆ. ಗೆಳೆಯ ಬಳಿದ ಬಿಳಿಯನ್ನು ಕೆರೆದು ಮತ್ತೆ ಬರೆಯುತ್ತಿದ್ದಾನೆ. ಈ ಸಲ ಎದುರಿಗೆ ಅಚ್ಚಿನ ಚಿತ್ರವಿಲ್ಲ. ಅವರವ್ವ ಕೂತಿದ್ದಾಳೆ.